ಗದಾಯುದ್ಧದಲ್ಲಿ ಸೇಡು, ನೆತ್ತರು ಮತ್ತು ನಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಹಳಗನ್ನಡ ಕವಿ ರನ್ನನ ಗದಾಯುದ್ಧವನ್ನು ಓದಲು ಹೊರಟವರು, ಪಾಠ ಮಾಡುವವರು, ರಂಗಕ್ಕೆ ತರಬೇಕೆಂದಿರುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ. ಸಂಸ್ಕೃತ ನಾಟಕಕಾರರಾದ ಭಾಸ, ಭಟ್ಟನಾರಾಯಣ, ಕನ್ನಡದ ಬಿ.ಎಂ.ಶ್ರೀ., ಯಕ್ಷಗಾನ, ಶೇಕ್ಸ್‌ಪಿಯರ್ ಇವರೆಲ್ಲ ಅಗತ್ಯವಿದ್ದಷ್ಟು ಬರುತ್ತಾರೆ.

ಪ್ರಶ್ನೆ: ಗದಾಯುದ್ಧ ಭೀಮ ಗೆಲ್ಲುವ ಕತೆ. ಅದನ್ನು ದುರಂತ ಎನ್ನುವುದು ಹೇಗೆ?

ಕವಿಯ ಲೆಕ್ಕದಲ್ಲಿ ಅದು ಗೆಲುವಿನ ಕಾವ್ಯವೇ. ಅದರ ಇನ್ನೊಂದು ಹೆಸರು ‘ಸಾಹಸಭೀಮ ವಿಜಯ’. ಕಲ್ಯಾಣದ ಚಾಲುಕ್ಯರ ಸತ್ಯಾಶ್ರಯ ಇರಿವಬೆಡಂಗನನ್ನು ರನ್ನ ಭೀಮನಿಗೆ ಸಮ ಮಾಡಿ ಹಾಡಿದ್ದಾನೆ. ಕೊನೆಯಲ್ಲಿ ಪಟ್ಟವೂ ಭೀಮನಿಗೇ. ಆದರೆ ಪುಸ್ತಕ ಮುಚ್ಚಿದ ಮೇಲೆ ನೆನಪಿನಲ್ಲಿ ನಿಲ್ಲುವುದು ಪಟ್ಟಾಭಿಷೇಕವಲ್ಲ, ಹೆಣಗಳ ನಡುವೆ ಗದೆಯೂರಿಕೊಂಡು ನಡೆಯುವ ದುರ್ಯೋಧನ. ಭೀಮನಿಗೆ ಜಯಕಾರ ಸಿಕ್ಕಿದೆ, ಕಣ್ಣೀರೆಲ್ಲ ದುರ್ಯೋಧನನ ಪಾಲಾಗಿದೆ. ‘ಕುರುಕುಲಾರ್ಕನುಮರ್ಕನುಮಸ್ತಮೆಯ್ದಿದರ್’ ಎಂಬ ಸಾಲಿನಲ್ಲಿ ಇಬ್ಬರು ಸೂರ್ಯರು, ಕುರುಕುಲದ ಸೂರ್ಯ ದುರ್ಯೋಧನನೂ ಆಕಾಶದ ಸೂರ್ಯನೂ, ಒಟ್ಟಿಗೆ ಮುಳುಗುತ್ತಾರೆ. ಖಳನೆಂದು ಮಾತ್ರ ಕಂಡವನಿಗೆ ಯಾವ ಕವಿಯೂ ಇಂಥ ಸಾಲು ಬರೆಯುವುದಿಲ್ಲ.

ಈ ಗೌರವದ ಬೀಜ ಪಂಪನಲ್ಲೇ ಇದೆ. 941ರ ವಿಕ್ರಮಾರ್ಜುನ ವಿಜಯದ ಕೊನೆಯಲ್ಲಿ ಅವನು ‘ಛಲದೊಳ್ ದುರ್ಯೋಧನಂ’ ಎಂದು ಭಾರತದ ವೀರರ ಎಣಿಕೆ ಶುರು ಮಾಡುತ್ತಾನೆ. ಆ ಛಲವೇ ದುರ್ಯೋಧನನ ಹಿರಿಮೆ, ಅದೇ ಅವನನ್ನು ಕೆಡಿಸಿದ್ದು. ಎರಡೂ ಒಂದೇ ಗುಣದಿಂದ ಹುಟ್ಟುವುದರಿಂದಲೇ ಇದು ದುರಂತ.

ಪ್ರಶ್ನೆ: ಮೊದಲ ಸಲ ಓದುವವರು ಎಲ್ಲಿಂದ ಶುರು ಮಾಡಬೇಕು?

ಹತ್ತು ಆಶ್ವಾಸಗಳ (ಅಧ್ಯಾಯಗಳ) ಚಂಪೂ, ಅಂದರೆ ಗದ್ಯಪದ್ಯ ಬೆರೆತ ಕಾವ್ಯ ಇದು. ಪಂಪನ ಹದಿಮೂರನೆಯ ಆಶ್ವಾಸದ ಕತೆಯನ್ನು ರನ್ನ ಹಿಗ್ಗಿಸಿದ್ದಾನೆ. ಯುದ್ಧದ ಕೊನೆಯಲ್ಲಿ ನಿಂತು ಹಿಂದಿನದನ್ನೆಲ್ಲ ಪಾತ್ರಗಳ ಮಾತಿನಲ್ಲಿ ತರುವ ಈ ಕ್ರಮವನ್ನು ಅವನೇ ಸಿಂಹಾವಲೋಕನ ಎಂದು ಕರೆದಿದ್ದಾನೆ. ಹಾಗಾಗಿ ಮಹಾಭಾರತದ ಕತೆ ಸರಿಯಾಗಿ ಗೊತ್ತಿಲ್ಲದವರಿಗೆ ನೇರ ಓದು ಕಷ್ಟ. ಮೊದಲು ಸಭಾಪರ್ವದ ಜೂಜು ಮತ್ತು ಭೀಮನ ಎರಡು ಪ್ರತಿಜ್ಞೆಗಳು, ಆಮೇಲೆ ಭೀಷ್ಮನಿಂದ ಶಲ್ಯನವರೆಗೆ ಯಾರು ಹೇಗೆ ಬಿದ್ದರು ಎಂಬುದನ್ನು ಗದ್ಯದಲ್ಲಿ ಓದಿಕೊಳ್ಳಿ.

ನಂತರ ಪೀಠಿಕೆಯನ್ನು ಬದಿಗಿಟ್ಟು ದ್ರೌಪದಿ–ಭೀಮರ ಮಾತುಕತೆ, ರಣರಂಗದಲ್ಲಿ ದುರ್ಯೋಧನನ ವಿಲಾಪ, ದುರ್ಯೋಧನ ಅಡಗುವ ವೈಶಂಪಾಯನ ಸರೋವರ, ಗದೆಯ ಕಾಳಗ, ಈ ನಾಲ್ಕನ್ನು ಇದೇ ಕ್ರಮದಲ್ಲಿ ಓದಿ. ಪೀಠಿಕೆ ಕೊನೆಗೆ ಇರಲಿ. ಮೊದಲೇ ಓದಲು ಹೋದವರು ಆಶ್ರಯದಾತನ ಬಿರುದುಗಳಲ್ಲಿ ಸಿಕ್ಕಿಹಾಕಿಕೊಂಡು ಪುಸ್ತಕ ಕೆಳಗಿಡುತ್ತಾರೆ. ನಾಲ್ಕು ಸಾಲಿನ ಕಂದಪದ್ಯಗಳನ್ನು ಗಟ್ಟಿಯಾಗಿ ಓದಿ. ಅರ್ಥಕ್ಕೆ ಮೊದಲು ಕಿವಿಗೆ ಸಿಗುವ ಕವಿ ರನ್ನ.

ಪ್ರಶ್ನೆ: ಸೇಡು ಕತೆಯಲ್ಲಿ ಏನು ಕೆಲಸ ಮಾಡುತ್ತದೆ?

ಗಡಿಯಾರದ ಕೆಲಸ. ಭೀಮನ ಪ್ರತಿಜ್ಞೆಗಳು ಎರಡು: ದುಶ್ಶಾಸನನ ನೆತ್ತರು ಕುಡಿಯುವುದು, ದುರ್ಯೋಧನನ ತೊಡೆ ಮುರಿಯುವುದು. ಜೂಜಾದ ಮೇಲೆ ಹನ್ನೆರಡು ವರ್ಷ ವನವಾಸ, ಒಂದು ವರ್ಷ ಅಜ್ಞಾತವಾಸ ಕಳೆದು ಹದಿನೆಂಟು ದಿನದ ಯುದ್ಧ. ಮೊದಲ ಪ್ರತಿಜ್ಞೆ ಹದಿನೇಳನೆಯ ದಿನ ತೀರುತ್ತದೆ. ರನ್ನನ ಕಾವ್ಯ ಉಳಿದ ಒಂದರ ಮೇಲೆ ನಿಂತಿದೆ.

ಆದರೆ ಪ್ರತಿಜ್ಞೆ ಇದ್ದ ಮಾತ್ರಕ್ಕೆ ಬಿಗಿ ಹುಟ್ಟುವುದಿಲ್ಲ, ಅದು ತಪ್ಪಿಹೋಗಬಹುದು ಎಂಬ ಭಯ ಬೇಕು. ರನ್ನ ಆ ಭಯವನ್ನು ದ್ರೌಪದಿಯ ಬಾಯಲ್ಲಿ ಇಟ್ಟಿದ್ದಾನೆ. ಧರ್ಮರಾಯ ಕರಗಿ ಸಂಧಿ ಮಾಡಿಕೊಂಡರೆ? ಈ ಆತಂಕ ಹೊತ್ತು ಆಕೆ ಭೀಮನನ್ನು ಕೆಣಕುತ್ತಾಳೆ. ಎದುರು ಬದಿಯಲ್ಲೂ ಇದೇ ನಡೆಯುತ್ತಿದೆ. ಧೃತರಾಷ್ಟ್ರ, ಗಾಂಧಾರಿ, ಭೀಷ್ಮ ಎಲ್ಲರೂ ದುರ್ಯೋಧನನಿಗೆ ಸಂಧಿಯ ಮಾತು ಹೇಳುತ್ತಾರೆ. ಎರಡು ಕಡೆಯೂ ನಿಲ್ಲಿಸಬಹುದಾದ ಬಾಗಿಲು ತೆರೆದಿದೆ, ಎರಡು ಕಡೆಯೂ ಛಲ ಅದನ್ನು ಮುಚ್ಚುತ್ತದೆ. ಸಂಕ್ಷೇಪ ಮಾಡುವವರು ಮೊದಲು ಕತ್ತರಿಸುವುದು ಈ ಸಂಧಿಯ ಮಾತುಗಳನ್ನೇ. ಅದು ದೊಡ್ಡ ತಪ್ಪು. ಅವು ಹೋದರೆ ಉಳಿಯುವುದು ಇಬ್ಬರು ಜಟ್ಟಿಗಳ ಹೊಡೆದಾಟ.

ಇನ್ನೊಂದು ಮಾತು: ದುರ್ಯೋಧನನಿಗೂ ಸೇಡಿದೆ. ಸತ್ತ ತಮ್ಮ, ಸತ್ತ ಗೆಳೆಯ ಅವನ ಎದೆಯಲ್ಲಿದ್ದಾರೆ. ಅವರನ್ನು ಕೊಂದವರೊಡನೆ ಸಂಧಿ ಮಾಡಿಕೊಂಡು ಬದುಕುವುದು ಅವನಿಗೆ ಸಾವಿಗಿಂತ ಕೀಳು.

ಪ್ರಶ್ನೆ: ಇಷ್ಟೊಂದು ನೆತ್ತರು, ಕರುಳು, ತಲೆಬುರುಡೆ ಬೇಕಿತ್ತೇ?

ಬೇಕಿತ್ತು. ರಣರಂಗದ ಭಾಗದಲ್ಲಿ ಹೊಸ ಕೊಲೆ ಒಂದೂ ಇಲ್ಲ ಎಂಬುದನ್ನು ಗಮನಿಸಿ. ಕೊಲೆಗಳೆಲ್ಲ ಆಗಿಹೋಗಿವೆ. ಸಂಜಯನ ಕೈಹಿಡಿದು ದುರ್ಯೋಧನ ಹನ್ನೊಂದು ಅಕ್ಷೌಹಿಣಿ ಕೌರವಸೇನೆಯ ಅವಶೇಷವನ್ನು ದಾಟಿ ಶರಶಯ್ಯೆಯ ಭೀಷ್ಮನ ಬಳಿಗೆ ಹೋಗಬೇಕಾಗಿದೆ. ಕಾಲಿಡಲು ಜಾಗವಿಲ್ಲ. ಹಿಂಸೆಯನ್ನು ಕವಿ ಮಾಡಿ ತೋರಿಸುತ್ತಿಲ್ಲ, ಮಾಡಿಸಿದವನನ್ನು ಅದರ ಮೇಲೆ ನಡೆಸುತ್ತಿದ್ದಾನೆ.

ಆ ನಡಿಗೆಗೆ ಒಂದು ಕ್ರಮವಿದೆ. ಮೊದಲು ಗುರು ದ್ರೋಣ. ಆಮೇಲೆ ಶತ್ರುವಿನ ಮಗ ಅಭಿಮನ್ಯು: ಅವನ ಸಾಹಸವನ್ನು ಮೆಚ್ಚಿ, ನಿನ್ನಂಥ ಸಾವು ನನಗೂ ಬರಲಿ ಎಂದು ಬೇಡುತ್ತಾನೆ. ಅನಂತರ ಸ್ವಂತ ಮಗ ಲಕ್ಷಣಕುಮಾರ. ‘ಜನಕಂಗೆ ಜಲಾಂಜಲಿಯಂ ತನೂಭವಂ ಕುಡುವುದುಚಿತಂ’, ಮಗ ಅಪ್ಪನಿಗೆ ಎಳ್ಳುನೀರು ಬಿಡಬೇಕಾದದ್ದು. ಈಗ ನಾನು ನಿನಗೆ ಬಿಡುವಂತಾಯಿತಲ್ಲ, ಕ್ರಮ ತಪ್ಪಿಸಿದೆಯಲ್ಲ ಮಗನೇ ಎನ್ನುತ್ತಾನೆ. ಮುಂದೆ ದುಶ್ಶಾಸನ: ತಾಯಿಯ ಮೊಲೆಹಾಲನ್ನು ನನ್ನ ನಂತರ ಕುಡಿದೆ, ಎಲ್ಲದರಲ್ಲೂ ನನ್ನ ಹಿಂದೆ ಬಂದೆ, ಸಾವಿನಲ್ಲಿ ಮಾತ್ರ ಮುಂದಾದೆ. ಕೊನೆಗೆ ಕರ್ಣ. ‘ಆನರಿವೆಂ ಪೃಥೆಯರಿವಳ್’ (ನಾನು ಬಲ್ಲೆ, ಕುಂತಿ ಬಲ್ಲಳು) ಎಂದು ಮೊದಲಾಗುವ ಪದ್ಯದಲ್ಲಿ ಕರ್ಣನ ಹುಟ್ಟು ತನಗೆ ಗೊತ್ತಿತ್ತು ಎಂದು ಒಪ್ಪಿಕೊಳ್ಳುತ್ತಾನೆ.

ಗುರು, ವೈರಿಯ ಮಗ, ತನ್ನ ಮಗ, ತಮ್ಮ, ಗೆಳೆಯ. ಹೆಣದಿಂದ ಹೆಣಕ್ಕೆ ದುಃಖ ಒಳಗೊಳಗೆ ಇಳಿಯುತ್ತದೆ. ಮಗನಿಗಿಂತ ಗೆಳೆಯನನ್ನು ಕೊನೆಗಿಟ್ಟದ್ದು ರನ್ನನ ಆಳವಾದ ತೀರ್ಮಾನ. ದುರ್ಯೋಧನನ ಬಾಳಿನಲ್ಲಿ ಲಾಭದ ಲೆಕ್ಕಕ್ಕೆ ಸಿಗದೆ ಉಳಿದದ್ದು ಆ ಸ್ನೇಹ. ಪಾಠ ಮಾಡುವಾಗ ಈ ಕ್ರಮವನ್ನು ಹಿಂದುಮುಂದು ಮಾಡಬೇಡಿ.

ಪ್ರಶ್ನೆ: ಹಿಂಸೆ ಯಾವಾಗ ದುರಂತದ ಭಾಗವಾಗದೆ ಬರೀ ಕಡಿದಾಟವಾಗುತ್ತದೆ?

ಸತ್ತವನಿಗೆ ಹೆಸರಿಲ್ಲದಿದ್ದಾಗ, ಕೊಂದವನಲ್ಲಾಗಲಿ ನೋಡಿದವನಲ್ಲಾಗಲಿ ಆ ಸಾವಿನಿಂದ ಏನೂ ಬದಲಾಗದಿದ್ದಾಗ. ಮೂರನೆಯ ಕಾರಣ ಬರಹಗಾರರಿಗೆ ಹೆಚ್ಚು ಮುಖ್ಯ: ಒಂದೇ ತೂಕದ ಹೊಡೆತಗಳನ್ನು ಸಾಲಾಗಿ ಇಟ್ಟರೆ ಮೂರನೆಯದಕ್ಕೆ ಓದುಗರ ಮನಸ್ಸು ಮರಗಟ್ಟುತ್ತದೆ. ರನ್ನ ಆನೆ, ಕುದುರೆ, ಮುರಿದ ರಥಗಳ ರಾಶಿಯನ್ನು ಒಟ್ಟಾಗಿ ವರ್ಣಿಸಿ, ತಟ್ಟನೆ ಒಂದು ಪರಿಚಿತ ಮುಖದ ಮುಂದೆ ನಿಲ್ಲಿಸುತ್ತಾನೆ. ರಾಶಿಯಿಂದ ಹುಟ್ಟುವುದು ಬೀಭತ್ಸ (ಅಸಹ್ಯದ ರಸ), ಮುಖದಿಂದ ಹುಟ್ಟುವುದು ಕರುಣ (ಶೋಕದ ರಸ).

ರೌದ್ರದಿಂದ, ಅಂದರೆ ಸಿಟ್ಟಿನ ರಸದಿಂದ, ಕರುಣ ಹುಟ್ಟುತ್ತದೆ ಎಂದು ನಾಟ್ಯಶಾಸ್ತ್ರದ ಆರನೆಯ ಅಧ್ಯಾಯ ಹೇಳುತ್ತದೆ. ಈ ಮಾತಿಗೆ ಕನ್ನಡದಲ್ಲಿ ಗದಾಯುದ್ಧಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಪ್ರಶ್ನೆ: ಇಂಥ ಕಾವ್ಯದಲ್ಲಿ ನಗೆ ಎಲ್ಲಿದೆ?

ಎರಡು ಮುಖ್ಯ ಜಾಗಗಳಲ್ಲಿದೆ. ಮೊದಲನೆಯದು ಮೂದಲಿಕೆ. ಸರೋವರದ ದಡದಲ್ಲಿ ನಿಂತ ಭೀಮನ ಮಾತಿನಲ್ಲಿ ಸಿಟ್ಟಿನಷ್ಟೇ ಹೀಯಾಳಿಕೆಯೂ ಇದೆ. ನೀರಿನಲ್ಲಿ ಅಡಗಿದವನನ್ನು ಹೊರಗೆಳೆಯುವುದು ಗದೆಯಲ್ಲ, ಆ ಮಾತು. ‘ನೀರೊಳಗಿರ್ದುಂ ಬೆಮರ್ತನುರಗಪತಾಕಂ’ (ಹಾವಿನ ಬಾವುಟದ ದುರ್ಯೋಧನ ನೀರೊಳಗಿದ್ದೂ ಬೆವರಿದ) ಎಂಬ ಸಾಲು ಕನ್ನಡಿಗರಿಗೆ ಗಾದೆಯಷ್ಟು ಬಾಯಿಪಾಠ. ತಣ್ಣಗಿನ ನೀರಿನೊಳಗೂ ಬೆವರು ಎಂಬ ಚಿತ್ರದಲ್ಲಿ ವಿಚಿತ್ರವೂ ಇದೆ, ಭಯಂಕರವೂ ಇದೆ. ಆ ಬೆವರು ಹೆದರಿಕೆಯದೆಂದು ಹಲವರು ಹೇಳಿಬಿಡುತ್ತಾರೆ. ಅದೇ ಪದ್ಯದಲ್ಲಿ ಅವನು ‘ಕೋಪಾರುಣನೇತ್ರಂ’, ಸಿಟ್ಟಿನಿಂದ ಕಣ್ಣು ಕೆಂಪಾದವನು. ಆ ವಿಶೇಷಣವನ್ನು ಬಿಟ್ಟು ಅರ್ಥ ಹೇಳಿದರೆ ಪಾತ್ರಕ್ಕೆ ಅನ್ಯಾಯವಾಗುತ್ತದೆ.

ಎರಡನೆಯದು ರಣರಂಗದ ಮರುಳುಗಳ ನಗೆ, ಇಡೀ ಕಾವ್ಯದಲ್ಲಿ ನನಗೆ ಅತ್ಯಂತ ಪ್ರಿಯವಾದ ತಂತ್ರ. ಹೆಣ ತಿನ್ನಲು ಬಂದ ಪಿಶಾಚಿಗಳಿಗೆ ಹಳಗನ್ನಡದಲ್ಲಿ ಮರುಳ್ ಎಂದೇ ಹೆಸರು. ಬುದ್ಧಿ ಕೆಟ್ಟವನೂ ಮರುಳೇ. ಈ ಶ್ಲೇಷೆ ಹಿಡಿದು ಅವು ಚಕ್ರವರ್ತಿಯನ್ನೇ ಕೆಣಕುತ್ತವೆ: ಮರುಳರು ನಾವೋ, ಹಿತ ಹೇಳಿದವರ ಮಾತು ಕೇಳದ ನೀನೋ? ಭೀಷ್ಮ ನಯವಾಗಿ ಹೇಳಬೇಕಾದದ್ದನ್ನು, ಸಂಜಯ ಅಳುಕುತ್ತ ಹೇಳಬೇಕಾದದ್ದನ್ನು ಮರುಳು ಕುಣಿಯುತ್ತ ಹೇಳುತ್ತದೆ. ಅದಕ್ಕೆ ಆಸ್ಥಾನದ ಹಂಗಿಲ್ಲ, ಕಳೆದುಕೊಳ್ಳುವುದಕ್ಕೆ ಏನೂ ಇಲ್ಲ. ದುರಂತದಲ್ಲಿ ನಗೆಯ ಕೆಲಸ ಓದುಗರಿಗೆ ವಿಶ್ರಾಂತಿ ಕೊಡುವುದು ಎಂಬ ಮಾತು ತರಗತಿಗಳಲ್ಲಿ ಚಾಲ್ತಿಯಲ್ಲಿದೆ. ಇಲ್ಲಿ ಅದು ನಿಲ್ಲುವುದಿಲ್ಲ. ಮರುಳು ನಕ್ಕಾಗ ನಮ್ಮ ಭಾರ ಇಳಿಯುವುದಿಲ್ಲ. ದುರ್ಯೋಧನನ ಕೊನೆಯ ಹೊದಿಕೆಯೂ ಜಾರಿ, ಅವನು ಬೆತ್ತಲಾಗಿ ಕಾಣುತ್ತಾನೆ.

ಪ್ರಶ್ನೆ: ಹಾಸ್ಯಕ್ಕೂ ಕರುಣಕ್ಕೂ ಆಗಿಬರುವುದಿಲ್ಲ ಎಂದು ಅಲಂಕಾರಶಾಸ್ತ್ರ ಹೇಳುತ್ತದಲ್ಲ?

ಹೇಳುತ್ತದೆ. ಹಾಸ್ಯಕ್ಕೆ ಕರುಣ, ಭಯಾನಕಗಳು ವಿರೋಧಿ ಎಂದು ಸಾಹಿತ್ಯದರ್ಪಣ ಎಂಬ ಸಂಸ್ಕೃತ ಗ್ರಂಥದಲ್ಲಿದೆ. ಆದರೆ ವಿರೋಧವನ್ನು ದಾಟುವ ದಾರಿಗಳನ್ನೂ ಆನಂದವರ್ಧನ ಧ್ವನ್ಯಾಲೋಕದ ಮೂರನೆಯ ಉದ್ದ್ಯೋತದಲ್ಲಿ (ಅಧ್ಯಾಯದಲ್ಲಿ) ಕೊಟ್ಟಿದ್ದಾನೆ: ಎರಡನ್ನೂ ಸಮಸಮವಾಗಿ ನಿಲ್ಲಿಸದೆ ಒಂದನ್ನು ಇನ್ನೊಂದಕ್ಕೆ ಅಂಗವಾಗಿಸು; ಇಲ್ಲವೇ ನಡುವೆ ಮೂರನೆಯ ರಸವೊಂದನ್ನು ಇಡು. ರನ್ನನಲ್ಲಿ ಮರುಳಿನ ನಗೆಗೂ ಬಂಧುಗಳ ಮೇಲಿನ ಅಳುವಿಗೂ ನಡುವೆ ಬೀಭತ್ಸ, ಅದ್ಭುತಗಳು ಬರುತ್ತವೆ. ಲಕ್ಷಣಕುಮಾರನ ಹೆಣದ ಪಕ್ಕದಲ್ಲೇ ಮರುಳನ್ನು ನಗಿಸಿದ್ದರೆ ಎರಡೂ ಕೆಡುತ್ತಿದ್ದವು.

ಬರೆಯುವವರಿಗೆ, ಆಡಿಸುವವರಿಗೆ ಇದರಿಂದ ಸಿಗುವ ಲೆಕ್ಕ ಸರಳ. ನಗೆಯಿಂದ ಅಳುವಿಗೆ ನೇರವಾಗಿ ಜಿಗಿಯಬೇಡಿ. ನಡುವೆ ಏಳೆಂಟು ಸಾಲಿನ ವರ್ಣನೆಯೋ, ಅರ್ಧ ನಿಮಿಷದ ಮೌನ ನಡಿಗೆಯೋ ಇರಲಿ. ನಗೆಯಲ್ಲೂ ಮೆಟ್ಟಿಲುಗಳಿವೆ: ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ ಎಂದು ನಾಟ್ಯಶಾಸ್ತ್ರ ಆರು ಬಗೆ ಹೇಳುತ್ತದೆ. ಭೀಮನ ಪಾತ್ರಧಾರಿ ಮೊದಲ ಮಾತಿಗೇ ಅತಿಹಸಿತಕ್ಕೆ ಹೋದರೆ, ತೊಡೆ ಮುರಿದ ಮೇಲಿನ ಅಟ್ಟಹಾಸಕ್ಕೆ ಏನೂ ಉಳಿಯುವುದಿಲ್ಲ.

ಪ್ರಶ್ನೆ: ಮರುಳುಗಳ ಹಾಸ್ಯ ರನ್ನನ ಸ್ವಂತದ್ದೇ?

ಪರಂಪರೆ ಹಳೆಯದು. ಭಟ್ಟನಾರಾಯಣನ ವೇಣೀಸಂಹಾರ ಆರು ಅಂಕಗಳ ಸಂಸ್ಕೃತ ನಾಟಕ. ಅದರ ಮೂರನೆಯ ಅಂಕದ ಪ್ರವೇಶಕದಲ್ಲಿ, ಅಂದರೆ ಮೊದಲಿಗೆ ಬರುವ ಕಿರುದೃಶ್ಯದಲ್ಲಿ, ರುಧಿರಪ್ರಿಯ, ವಸಾಗಂಧೆ ಎಂಬ ರಾಕ್ಷಸ ಗಂಡಹೆಂಡಿರು ಬರುತ್ತಾರೆ. ರಣರಂಗದ ನೆತ್ತರು, ಕೊಬ್ಬುಗಳನ್ನು ಮನೆಗೆ ದಿನಸಿ ತಂದಂತೆ ಕೂಡಿಡುವ ಸಂಸಾರಸ್ಥರು ಅವರು. ಅದರ ಬೆನ್ನಿಗೇ ದ್ರೋಣನ ಸಾವಿನ ಶೋಕದ ಅಂಕ. ಆರನೆಯ ಅಂಕದಲ್ಲಿ ಮೈಯೆಲ್ಲ ನೆತ್ತರಾಗಿ ಬಂದ ಭೀಮನನ್ನೇ ದುರ್ಯೋಧನನೆಂದು ತಪ್ಪು ತಿಳಿಯುತ್ತಾರೆ. ಸೇಡು ತೀರಿಸಿಕೊಂಡವನು ವೈರಿಯಂತೆಯೇ ಕಾಣುವ ಆ ಗಳಿಗೆಯನ್ನು ಬರೀ ನಾಟಕೀಯ ಗೊಂದಲವೆಂದು ದಾಟಿಸಬಾರದು.

ರನ್ನ ಈ ನಾಟಕದಿಂದ ಪಡೆದಿದ್ದಾನೆ. ಆದರೆ ಅಲ್ಲಿಯ ರಾಕ್ಷಸರು ತಮ್ಮೊಳಗೇ ಮಾತಾಡಿ ಹೋಗುತ್ತಾರೆ. ಇಲ್ಲಿಯ ಮರುಳು ನಾಯಕನ ಮುಖಕ್ಕೆ ಮುಖ ಕೊಟ್ಟು ನಗುತ್ತದೆ. ಆ ಬದಲಾವಣೆ ರನ್ನನ ಕೊಡುಗೆ.

ಪ್ರಶ್ನೆ: ಭಾಸನ ಊರುಭಂಗ ಎಷ್ಟು ಬೇರೆ?

ತುಂಬ ಬೇರೆ. ಅದು ಒಂದೇ ಅಂಕ. ಕಾಳಗವನ್ನು ಮೂವರು ಭಟರು ನೋಡಿ ವರ್ಣಿಸುತ್ತಾರೆ, ನಾವು ಕಾಣುವುದು ತೊಡೆ ಮುರಿದು ತೆವಳುತ್ತ ಬರುವ ದುರ್ಯೋಧನನನ್ನು. ಪುಟ್ಟ ಮಗ ದುರ್ಜಯ ತೊಡೆಯ ಮೇಲೆ ಕೂರಲು ಬರುತ್ತಾನೆ. ಅಪ್ಪ ಬೇಡವೆನ್ನಬೇಕಾಗುತ್ತದೆ. ಗದೆಯ ಹೊಡೆತ ಎಷ್ಟು ಜೋರಿತ್ತು ಎಂಬುದು ನಮಗೆ ತಾಗುವುದು ಅಲ್ಲಿ. ಭಾಸನ ದುರ್ಯೋಧನ ಸೇಡನ್ನು ಬಿಟ್ಟುಕೊಟ್ಟು ಶಾಂತನಾಗಿ ರಂಗದ ಮೇಲೇ ಸಾಯುತ್ತಾನೆ. ರಂಗದ ಮೇಲೆ ಸಾವು ಕೂಡದೆಂಬ ಕಟ್ಟಳೆಯನ್ನೂ ಭಾಸ ಮೀರುತ್ತಾನೆ. ರನ್ನನ ದುರ್ಯೋಧನ ಛಲ ಬಿಡುವುದಿಲ್ಲ. ಯಾರು ಹೆಚ್ಚು ಎಂಬ ವಾದಕ್ಕಿಂತ, ಎರಡನ್ನೂ ಒಂದೇ ವಾರದಲ್ಲಿ ಓದುವುದು ಒಳ್ಳೆಯದು.

ಪ್ರಶ್ನೆ: ತೊಡೆಗೆ ಹೊಡೆದದ್ದು ಅಧರ್ಮ. ಹಾಗಾದರೆ ಸೇಡು ಸೋತಂತೆಯೇ?

ಗದೆಯ ಕಾಳಗದಲ್ಲಿ ಹೊಕ್ಕಳಿಂದ ಕೆಳಗೆ ಹೊಡೆಯಬಾರದು. ವ್ಯಾಸಭಾರತದಲ್ಲಿ ಬಲರಾಮ ಇದಕ್ಕಾಗಿಯೇ ಭೀಮನ ಮೇಲೆ ಏರಿಹೋಗುತ್ತಾನೆ, ಕೃಷ್ಣ ತಡೆಯುತ್ತಾನೆ. ಪ್ರತಿಜ್ಞೆ ಉಳಿಸಿಕೊಳ್ಳಬೇಕಾದರೆ ಕಟ್ಟಳೆ ಮುರಿಯಬೇಕು, ಕಟ್ಟಳೆ ಉಳಿಸಿದರೆ ಪ್ರತಿಜ್ಞೆ ಮುರಿಯುತ್ತದೆ. ಹಗೆಗೆ ಎಂದೂ ಶುದ್ಧವಾದ ಕೊನೆಯಿಲ್ಲ. ಮುಂದಿನದನ್ನು ನೋಡಿ: ಅದೇ ರಾತ್ರಿ ಅಶ್ವತ್ಥಾಮ ಪಾಂಡವರ ಪಾಳೆಯಕ್ಕೆ ನುಗ್ಗಿ ಮಲಗಿದ್ದವರನ್ನು ಕೊಲ್ಲುತ್ತಾನೆ. ದ್ರೌಪದಿಯ ಐವರು ಮಕ್ಕಳೂ ಹೋಗುತ್ತಾರೆ. ಯಾರ ಮುಡಿಗಾಗಿ ಇಷ್ಟೆಲ್ಲ ನಡೆಯಿತೋ ಆಕೆಯ ಮಡಿಲು ಬರಿದಾಗುತ್ತದೆ.

ಆದರೂ ಒಂದು ಎಚ್ಚರಿಕೆ. ದುರ್ಯೋಧನನ ಮೇಲಿನ ಮರುಕದಲ್ಲಿ ದ್ರೌಪದಿಯ ಅವಮಾನವನ್ನು ಮರೆಸುವ ಓದು ಈಚೆಗೆ ಹೆಚ್ಚಾಗಿದೆ. ಅದು ತಪ್ಪು. ತುಂಬಿದ ಸಭೆಯಲ್ಲಿ ಆದದ್ದು ಆದದ್ದೇ. ದುರ್ಯೋಧನ ತಪ್ಪಿತಸ್ಥನಾಗಿದ್ದೂ ದೊಡ್ಡವನು ಎಂಬ ಇಕ್ಕಟ್ಟನ್ನು ಬಿಡಿಸದೆ ಹಾಗೇ ಹಿಡಿದಿರಬೇಕು.

ಪ್ರಶ್ನೆ: ಯಕ್ಷಗಾನದಲ್ಲಿ ಈ ಪ್ರಸಂಗಕ್ಕೆ ಹಾಸ್ಯಗಾರ ಏಕೆ ಬೇಕು?

ಬೇಟೆಗಾರರಿಂದ ಸುಳಿವು ಸಿಕ್ಕಿ ದುರ್ಯೋಧನನ ಅಡಗುದಾಣ ಪಾಂಡವರಿಗೆ ತಿಳಿಯುತ್ತದೆ ಎಂಬುದು ಮೂಲಕತೆ. ಯಕ್ಷಗಾನದಲ್ಲಿ ಆ ಕೆಲಸ ಬೇಹಿನಚರನದು, ಅದನ್ನು ಕಟ್ಟುವವನು ಹಾಸ್ಯಗಾರ. ಕುರುರಾಯನ ಸಾವಿನ ದಾರಿ ತೆರೆಯುವುದು ನಗಿಸುವವನ ಬಾಯಿಂದ! ಒಳ್ಳೆಯ ಹಾಸ್ಯಗಾರ ಸುದ್ದಿ ಹೇಳುವ ಘಟ್ಟದಲ್ಲಿ ನಗೆಯನ್ನು ತಟ್ಟನೆ ನಿಲ್ಲಿಸುತ್ತಾನೆ. ಕೆಡುವುದು ಅಲ್ಲಿಯೇ: ಚಪ್ಪಾಳೆಯ ಆಸೆಗೆ ಸಿನಿಮಾದ ಜೋಕು ತಂದು ಹಾಸ್ಯವನ್ನು ಎಳೆದರೆ, ಮುಂದೆ ಭೀಮನ ಪ್ರವೇಶಕ್ಕೆ ರಂಗ ಕಾದಿರುವುದಿಲ್ಲ.

ಪ್ರಶ್ನೆ: ಕನ್ನಡದಲ್ಲಿ ‘ರುದ್ರನಾಟಕ’, ಅಂದರೆ ದುರಂತ ನಾಟಕ, ಹೇಗೆ ಬಂತು?

ಬಿ.ಎಂ.ಶ್ರೀಕಂಠಯ್ಯನವರು ಗ್ರೀಕ್ ದುರಂತಗಳನ್ನು ಓದಿದ ಕಣ್ಣಿನಿಂದ ರನ್ನನನ್ನು ನೋಡಿ ‘ಗದಾಯುದ್ಧ ನಾಟಕಂ’ ಕಟ್ಟಿದರು. ಸೋಫೋಕ್ಲಿಸನ ಏಜಾಕ್ಸ್ ನಾಟಕವನ್ನು 1929ರಲ್ಲಿ ‘ಅಶ್ವತ್ಥಾಮನ್’ ಆಗಿಸಿದರು. ಚಿರಂಜೀವಿಯಾದ ಅಶ್ವತ್ಥಾಮನನ್ನು ಸಾಯಿಸಿದ್ದಕ್ಕೆ ಆಕ್ಷೇಪಗಳು ಬಂದವು. ಕುವೆಂಪು ಹ್ಯಾಮ್ಲೆಟ್‌ನ ಸೇಡನ್ನು ಬಿದನೂರಿಗೆ ತಂದು ‘ರಕ್ತಾಕ್ಷಿ’ ಬರೆದರು.

ಪ್ರಶ್ನೆ: ಶೇಕ್ಸ್‌ಪಿಯರನ ನಗೆಗೂ ಇದಕ್ಕೂ ಹೋಲಿಕೆ ಇದೆಯೇ?

ಇದೆ. ಹ್ಯಾಮ್ಲೆಟ್‌ನ ಐದನೆಯ ಅಂಕದ ಗೋರಿ ತೋಡುವವರು, ಮ್ಯಾಕ್‌ಬೆತ್‌ನಲ್ಲಿ ಕೊಲೆಯ ರಾತ್ರಿ ಬಾಗಿಲು ತೆರೆಯುವ ಕಾವಲುಗಾರ, ಲಿಯರ್‌ನ ವಿದೂಷಕ, ಇವರೆಲ್ಲ ಮರುಳಿನ ದಾಯಾದಿಗಳು. ಲಿಯರ್‌ನ ವಿದೂಷಕ ಮೂರನೆಯ ಅಂಕದ ಆರನೆಯ ದೃಶ್ಯದ ನಂತರ ಕಾಣುವುದೇ ಇಲ್ಲ. ಮುಂದಿನ ದೃಶ್ಯದಲ್ಲೇ ಗ್ಲಾಸ್ಟರನ ಕಣ್ಣು ಕೀಳುತ್ತಾರೆ. ನಗೆ ಎಲ್ಲಿ ನಿಲ್ಲಬೇಕು ಎಂಬ ಲೆಕ್ಕ ಶೇಕ್ಸ್‌ಪಿಯರನಿಗೂ ಗೊತ್ತಿತ್ತು.

ಪ್ರಶ್ನೆ: ರಂಗದ ಮೇಲೆ ನೆತ್ತರು, ಗದೆಯ ಹೊಡೆತ ಹೇಗೆ ತೋರಿಸಬೇಕು?

ಕಡಿಮೆ ತೋರಿಸಿದಷ್ಟೂ ಒಳ್ಳೆಯದು. ಕೆಂಪು ಬಟ್ಟೆಯೊಂದರಲ್ಲೇ ಎಲ್ಲ ಮುಗಿಸಬಹುದು. ದ್ರವವೇ ಬೇಕೆಂದರೆ ಒಂದು ಲೋಟ ಸಕ್ಕರೆಗೆ ಅರ್ಧ ಲೋಟ ನೀರು ಹಾಕಿ ಅಂಟುಪಾಕ ಮಾಡಿ, ಪೂರ್ತಿ ಆರಿಸಿ, ತಿನ್ನುವ ಕೆಂಪು ಬಣ್ಣ ಒಂದು ಚಮಚ, ಕಾಫಿಪುಡಿ ಒಂದು ಚಿಟಿಕೆ ಬೆರೆಸಿ. ಕಾಫಿ ಹಾಕದಿದ್ದರೆ ದೀಪದ ಬೆಳಕಿಗೆ ಗುಲಾಬಿ ಶರಬತ್ತಿನಂತೆ ಕಂಡು ಜನ ನಗುತ್ತಾರೆ. ದುಶ್ಶಾಸನನ ದೃಶ್ಯದಲ್ಲಿ ಬಾಯಿಗೆ ಹೋಗುವುದರಿಂದ ಕುಂಕುಮ, ಪೇಂಟು, ಸೋಪು ಯಾವುದೂ ಸೇರಬಾರದು. ನೆಲಕ್ಕೆ ಬಿದ್ದರೆ ಕಾಲು ಜಾರುತ್ತದೆ. ಹಿಂದೆಯೇ ಕಾಳಗವಿದ್ದರೆ ಒರೆಸಲು ಒಬ್ಬರನ್ನು ನೇಮಿಸಿ.

ಗದೆಯ ಹಿಡಿ ಎರಡೂವರೆ ಅಡಿ ಬಿದಿರು, ತಲೆ ಸ್ಪಂಜಿನ ಮೇಲೆ ಬಟ್ಟೆ ಸುತ್ತಿದ್ದು, ಒಟ್ಟು ತೂಕ ಮುಕ್ಕಾಲು ಕೆಜಿಯೊಳಗೆ. ತೊಡೆಯ ಹೊಡೆತ ಪ್ರೇಕ್ಷಕರಿಗೆ ಕಾಣದ ಬದಿಯಲ್ಲಿ, ಮೈಯಿಂದ ಒಂದು ಗೇಣು ಆಚೆ ಹಾದುಹೋಗಲಿ. ಶಬ್ದವನ್ನು ನೇಪಥ್ಯದವರು ಒಣ ಬಿದಿರ ಸೀಳು ಮುರಿದು ಕೊಡಲಿ. ಹೊಡೆಯುವವನು ಮೊದಲು ಕಣ್ಣಿನಲ್ಲಿ ಸನ್ನೆ ಕೊಡಬೇಕು, ಬೀಳುವ ಗಳಿಗೆಯನ್ನು ಬೀಳುವವನೇ ನಿರ್ಧರಿಸಬೇಕು. ತಾಲೀಮಿನಲ್ಲಿ ಕಾಲು ವೇಗ, ಅರ್ಧ ವೇಗ, ಮುಕ್ಕಾಲು ವೇಗ ದಾಟಿದ ಮೇಲೆಯೇ ಪೂರ್ತಿ ವೇಗ. ಪ್ರದರ್ಶನದ ದಿನ ಉತ್ಸಾಹಕ್ಕೆ ವೇಗ ತಾನಾಗಿ ಏರುತ್ತದೆ, ಪೆಟ್ಟಾಗುವುದು ಆಗಲೇ. ಆದ್ದರಿಂದ ಪರದೆ ಏಳುವ ಮೊದಲು ಕಾಳಗವನ್ನು ಒಮ್ಮೆ ಅರ್ಧ ವೇಗದಲ್ಲಿ ಮಾಡಿ ನೋಡಿ.

ಒಂದೂವರೆ ಗಂಟೆಯ ಪ್ರಯೋಗವಾದರೆ ಕಾಳಗಕ್ಕೆ ಆರೇಳು ನಿಮಿಷ ಸಾಕು. ರಣರಂಗದ ನಡಿಗೆಗೆ ಕನಿಷ್ಠ ಅರ್ಧ ಗಂಟೆ ಕೊಡಿ, ಕರ್ಣನ ಹೆಣದ ಮುಂದೆ ದುರ್ಯೋಧನ ಕೂತಾಗ ಹಿನ್ನೆಲೆ ಸಂಗೀತವನ್ನು ಪೂರ್ತಿ ನಿಲ್ಲಿಸಿ.